ಹೊಟ್ಟೆ ಉಬ್ಬರಕ್ಕೆ ಪಥ್ಯದ ಲಿಸ್ಟ್ ಕೇಳಿದೀರಿ, ಮೊದ್ಲು ನಿಮ್ಮ ಹಸಿವು ಎಲ್ಲಿ ಹೋಯ್ತು ನೋಡೋಣ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನ್ಗೆ 41 ವರ್ಷ, ಹಾಸನ ಜಿಲ್ಲೆಯವಳು, ಹೈಸ್ಕೂಲ್ ಟೀಚರ್. ಮೂರು ವರ್ಷದಿಂದ ಊಟ ಮಾಡಿ ಎದ್ರೆ ಸಾಕು ಹೊಟ್ಟೆ ಕಲ್ಲಿನ ಥರ ಉಬ್ಕೊಳ್ಳುತ್ತೆ, ಹುಳಿತೇಗು, ಬೆಳಿಗ್ಗೆ ಹಸಿವೇ ಇರಲ್ಲ, ಮೋಷನ್ ಒಂದಿನ ಆದ್ರೆ ಎರಡು ದಿನ ಇಲ್ಲ, ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ. ಎಂಡೋಸ್ಕೋಪಿ ಮಾಡ್ಸಿದ್ದೆ, ನಾರ್ಮಲ್ ಅಂದ್ರು, ಅವತ್ತಿಂದ ಪ್ಯಾಂಟೊಪ್ರಜೋಲ್ ಮಾತ್ರೆ ದಿನಾ ನಡೀತಿದೆ. ವಿಡಿಯೋ ನೋಡಿ ಬಿಸಿನೀರಿಗೆ ಜೇನುತುಪ್ಪ ನಿಂಬೆಹಣ್ಣು, ಹಸಿ ಮೊಳಕೆ ಕಾಳು, ರಾತ್ರಿ ಮೊಸರು ಎಲ್ಲಾ ಮಾಡ್ದೆ, ಇನ್ನೂ ಜಾಸ್ತಿ ಆಯ್ತು. ಐದಕ್ಕೆ ಏಳ್ತೀನಿ, ಏಳೂಮುಕ್ಕಾಲು ಬಸ್ಸು, ತಿಂಡಿ ನಿಂತ್ಕೊಂಡೇ. ಒಂದೂವರೆಗೆ ತಣ್ಣಗಾದ ಬಾಕ್ಸ್. ಸಂಜೆ ಬಂದು ಕಾಫಿ ಜೊತೆ ಏನಾದ್ರೂ ಕರಿದಿದ್ದು, ರಾತ್ರಿ ಎಲ್ಲರದೂ ಆದ್ಮೇಲೆ ಹತ್ತಕ್ಕೆ ಮುದ್ದೆ, ಮೊಸರನ್ನ, ಹತ್ತೂವರೆಗೆ ಮಲಗೋದು. ನಂದು ವಾತ ಪ್ರಕೃತಿ ಅಂತ ಒಬ್ರು ಹೇಳಿದಾರೆ. ಏನು ತಿನ್ಬೇಕು ಏನು ತಿನ್ಬಾರ್ದು ಅಂತ ಲಿಸ್ಟ್ ಕೊಡ್ತೀರಾ?

ಉತ್ತರ:

ನಮಸ್ತೆ ಮೇಡಂ. ಇಡೀ ದಿನದ ಟೈಮ್ ಸಮೇತ ಬರ್ದಿದ್ದು ತುಂಬಾ ಒಳ್ಳೇದಾಯ್ತು, ಯಾಕಂದ್ರೆ ನಿಮ್ಮ ಕಾಯಿಲೆಯ ಮುಕ್ಕಾಲು ಭಾಗ ಅದರಲ್ಲೇ ಇದೆ. ಲಿಸ್ಟ್ ವಿಷ್ಯಕ್ಕೆ ಆಮೇಲೆ ಬರ್ತೀನಿ, ಅದಕ್ಕಿಂತ ಮುಂಚೆ ಎರಡು ಮಾತು ಹೇಳ್ಲೇಬೇಕು.

ಎಂಡೋಸ್ಕೋಪಿ ನಾರ್ಮಲ್ ಅಂದಿದಾರೆ, ಸರಿ. ಆದ್ರೆ ಹೊಟ್ಟೆ ಸ್ಕ್ಯಾನ್ ಆಗಿದೆಯಾ ಅಂತ ನೀವು ಬರ್ದಿಲ್ಲ. ನಲವತ್ತು ದಾಟಿದ ಹೆಣ್ಮಕ್ಕಳಿಗೆ ತಿಂಗಳುಗಟ್ಟಲೆ ಹೊಟ್ಟೆ ಉಬ್ಬರ ಇದ್ರೆ ಗರ್ಭಕೋಶ, ಅಂಡಾಶಯನೂ ಒಂದ್ಸಲ ನೋಡ್ಸಿಬಿಡಬೇಕು, ಬರೀ ಗ್ಯಾಸ್ ಅಂತ ತಳ್ಳಿಹಾಕೋ ಹಾಗಿಲ್ಲ. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12 ಮಾಡ್ಸಿ. ಥೈರಾಯ್ಡ್ ಕಮ್ಮಿ ಇದ್ರೆ ಮಲಬದ್ಧತೆ ಎಷ್ಟು ಕಷಾಯ ಕುಡಿದ್ರೂ ಹೋಗಲ್ಲ. ಕಾರಣ ಇಲ್ದೆ ತೂಕ ಇಳಿಯೋದು, ಮಲದಲ್ಲಿ ರಕ್ತ ಅಥವಾ ಡಾಂಬರಿನ ಥರ ಕಪ್ಪು ಮಲ, ನುಂಗೋಕೆ ಕಷ್ಟ, ಮತ್ತೆ ಮತ್ತೆ ವಾಂತಿ, ಇದರಲ್ಲಿ ಯಾವುದಿದ್ರೂ ನನ್ನ ಈ ಉತ್ತರ ಪಕ್ಕಕ್ಕಿಟ್ಟು ಮೊದ್ಲು ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು, ಇದು ನಿಮಗೆ ಮಾತ್ರ ಅಲ್ಲ ಓದ್ತಿರೋ ಎಲ್ರಿಗೂ. ನಡೆದಾಗ ಎದೆ ಬಿಗಿಯೋದು, ಬೆವರು, ದವಡೆಗೋ ಎಡಗೈಗೋ ನೋವು ಹರಿಯೋದು ಇದ್ರೆ ಅದನ್ನ "ಗ್ಯಾಸ್ಟ್ರಿಕ್" ಅಂದ್ಕೊಂಡು ಸೋಡಾ ಕುಡಿದು ಮಲಗಬೇಡಿ, ದಯವಿಟ್ಟು ಇಸಿಜಿ ಮಾಡ್ಸಿ. ಗ್ಯಾಸು ಅಂತ ಬೆಳಗಿನ ತನಕ ಕಾದು ಕೂತು ಉಳೀದೇ ಹೋದವರನ್ನ ನಾನು ನೋಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಇನ್ನು ಆಸಿಡ್ ಕಮ್ಮಿ ಮಾಡೋ ಆ ಪ್ಯಾಂಟೊಪ್ರಜೋಲ್ ಮಾತ್ರೆ. ಆಯುರ್ವೇದ ಶುರು ಮಾಡ್ತೀನಿ ಅಂತ ನಾಳೆಯಿಂದಲೇ ಅದನ್ನ ದಿಢೀರ್ ಅಂತ ಬಿಡಬೇಡಿ. ತುಂಬಾ ದಿನ ತಗೊಂಡು ಒಂದೇ ಸಲ ನಿಲ್ಲಿಸಿದ್ರೆ ಹೊಟ್ಟೆಯಲ್ಲಿ ಆಸಿಡ್ ಮೊದಲಿಗಿಂತ ಜೋರಾಗಿ ಉಕ್ಕುತ್ತೆ, ಜನ ಅದನ್ನ ನೋಡಿ "ಮಾತ್ರೆ ಇಲ್ದೆ ನನ್ಗೆ ಆಗೋದೇ ಇಲ್ಲ" ಅಂದ್ಕೊಂಡು ಮತ್ತೆ ಶುರು ಮಾಡ್ತಾರೆ. ಬರ್ಕೊಟ್ಟ ಡಾಕ್ಟ್ರ ಹತ್ರ ಹೋಗಿ "ಮೂರು ವರ್ಷ ಆಯ್ತು, ಇನ್ನೂ ಬೇಕಾ, ನಿಧಾನಕ್ಕೆ ಇಳಿಸಬಹುದಾ" ಅಂತ ಕೇಳಿ. ಈ ಮಾತ್ರೆ ವರ್ಷಗಟ್ಟಲೆ ನಡೆದ್ರೆ ಕೆಲವರಿಗೆ ಬಿ12, ಮೆಗ್ನೀಸಿಯಂ ಕಮ್ಮಿ ಆಗುತ್ತೆ, ಮೆಗ್ನೀಸಿಯಂ ಇಳಿದ್ರೆ ಸ್ನಾಯು ಹಿಡ್ಕೊಳ್ಳುತ್ತೆ, ನೀವು ಮೀನಖಂಡ ಹಿಡಿಯುತ್ತೆ ಅಂದ್ರಲ್ಲ, ಅದಕ್ಕೆ ಆ ಟೆಸ್ಟೂ ಸೇರ್ಸಿ. ಮೀನಖಂಡಕ್ಕೆ ಇನ್ನೊಂದು ನಂಟೂ ಇದೆ, ಮುಂದೆ ಹೇಳ್ತೀನಿ.

ಈಗ ವಿಷ್ಯಕ್ಕೆ ಬರೋಣ. ನೀವು ಏನು ತಿನ್ಬೇಕು ಅಂತ ಕೇಳಿದೀರಿ. ನಾನು ಕೇಳೋದು, ನಿಮಗೆ ಕೊನೇ ಸಲ ಚೆನ್ನಾಗಿ ಹೊಟ್ಟೆ ಹಸಿದು ಊಟಕ್ಕೆ ಕೂತಿದ್ದು ಯಾವಾಗ? ನೀವು ಬರ್ದಿರೋ ದಿನಚರಿಯಲ್ಲಿ ಗಡಿಯಾರ ಇದೆ, ಬಸ್ಸಿದೆ, ಮನೆಯವರ ಊಟ ಇದೆ, ಹಸಿವು ಮಾತ್ರ ಎಲ್ಲೂ ಇಲ್ಲ. ಟೈಮ್ ಆಯ್ತು ಅಂತ ತಿಂತಿದೀರಿ, ಉಳೀತು ಅಂತ ತಿಂತಿದೀರಿ, ಸುಸ್ತಾಯ್ತು ಅಂತ ತಿಂತಿದೀರಿ. ಆಯುರ್ವೇದದಲ್ಲಿ ಇದಕ್ಕೆ ಅಧ್ಯಶನ ಅಂತಾರೆ, ಹಿಂದೆ ತಿಂದಿದ್ದು ಅರಗೋ ಮುಂಚೆ ಮತ್ತೆ ತಿನ್ನೋದು. ಅರ್ಧ ಬೆಂದ ಅನ್ನದ ಪಾತ್ರೆಗೆ ಇನ್ನೊಂದು ಸೇರು ಹಸಿ ಅಕ್ಕಿ ಸುರಿದ್ರೆ ಏನಾಗುತ್ತೆ, ಮೊದ್ಲಿಂದೂ ಬೇಯಲ್ಲ, ಆಮೇಲಿಂದೂ ಬೇಯಲ್ಲ, ಅದೇ ನಿಮ್ಮ ಹೊಟ್ಟೆಯಲ್ಲಿ ಆಗ್ತಿರೋದು. ಹೀಗೆ ಅರೆಬೆಂದು ಉಳಿದಿದ್ದನ್ನೇ ನಾವು ಆಮ ಅನ್ನೋದು.

ಆಯುರ್ವೇದದ ಹಳೇ ಆಚಾರ್ಯರಾದ ಚರಕರು ಅಗ್ನಿಯನ್ನ, ಅಂದ್ರೆ ಊಟ ಅರಗಿಸೋ ಶಕ್ತಿಯನ್ನ, ನಾಲ್ಕು ಥರ ಅಂತ ಹೇಳ್ತಾರೆ: ಸಮ (ಸರಿಯಾಗಿರೋದು), ವಿಷಮ (ಏರುಪೇರು), ತೀಕ್ಷ್ಣ (ಅತಿ ಜೋರು), ಮಂದ (ಕುಗ್ಗಿರೋದು). ಒಂದಿನ ಮೋಷನ್ ಆಗಿ ಎರಡು ದಿನ ಆಗದೇ ಇರೋದು, ತಿಂದಿದ್ದೇ ತಿಂದ್ರೂ ಒಂದಿನ ಅರಗಿ ಒಂದಿನ ಉಬ್ಬೋದು, ಇದು ವಿಷಮಾಗ್ನಿ ಲಕ್ಷಣ. ಬೆಳಿಗ್ಗೆ ಹಸಿವೇ ಇಲ್ಲ ಅನ್ನೋದು ಮಂದಾಗ್ನಿ ಕಡೆ ವಾಲಿರೋದು. ನಿಮ್ಮದು ವಾತ ಪ್ರಕೃತಿನೇ ಇರಬಹುದು, ನೋಡದೇ ನಾನು ಹೇಳೋಕಾಗಲ್ಲ, ಆದ್ರೆ ಪ್ರಕೃತಿ ಹಿಡ್ಕೊಂಡು ಇಂಟರ್ನೆಟ್ಟಲ್ಲಿ ಸಿಗೋ "ವಾತದವರು ಇದು ತಿನ್ಬಾರ್ದು" ಅನ್ನೋ ಚಾರ್ಟ್ ಪಾಲಿಸೋದು ನನಗೆ ಒಪ್ಪಿಗೆ ಇಲ್ಲ. ಪ್ರಕೃತಿ ಅಂದ್ರೆ ದೇಹದ ಸ್ವಭಾವ, ಹುಟ್ಟಿಂದ ಬಂದಿದ್ದು, ಅಗ್ನಿ ದಿನಾ ಬದಲಾಗೋದು. ಚಿಕಿತ್ಸೆ ಇವತ್ತಿನ ಅಗ್ನಿಗೆ ಮಾಡ್ಬೇಕು.

ಮಂಡ್ಯ ಕಡೆಯ ಒಬ್ಬ ಹಿರಿಯರು ನನ್ನ ಹತ್ರ ಬರ್ತಿದ್ರು, ಅರವತ್ತೈದು ದಾಟಿದ ರೈತರು. ಜೀವನಪೂರ್ತಿ ಎರಡು ಹೊತ್ತು ಮುದ್ದೆ ಉಂಡವರು, ಹೊಟ್ಟೆ ಅಂದ್ರೆ ಏನು ಅಂತಾನೇ ಗೊತ್ತಿರಲಿಲ್ಲ. ಬೆಂಗ್ಳೂರಲ್ಲಿ ಮಗನ ಫ್ಲಾಟಿಗೆ ಹೋಗಿ ಮೂರು ತಿಂಗಳಿಗೆ ಹೊಟ್ಟೆ ಉಬ್ಬರ, ತೇಗು, "ಮುದ್ದೆ ಆಗ್ತಿಲ್ಲ ಡಾಕ್ಟ್ರೇ, ಚಪಾತಿ ತಿನ್ಲಾ" ಅಂತ ಕೇಳ್ಕೊಂಡು ಬಂದ್ರು. ಮುದ್ದೆ ಅದೇ, ರಾಗಿನೂ ಊರಿಂದ ತಂದಿದ್ದೇ. ಬದಲಾಗಿದ್ದು ಬೇರೆ. ಊರಲ್ಲಿ ಬೆಳಿಗ್ಗೆ ಗದ್ದೆ ಕಡೆ ನಡೆದು ಕೆಲಸ ಮುಗ್ಸಿ ಬಂದು ಉಣ್ಣೋರು, ರಾತ್ರಿ ಏಳೂವರೆಗೆ ಊಟ ಮುಗೀತಿತ್ತು. ಇಲ್ಲಿ ಸೋಫಾ, ಟೀವಿ, ಮಗ ಬರೋದು ಒಂಬತ್ತೂವರೆಗೆ, ಅವನ ಜೊತೆನೇ ಊಟ. ನಾನು ಮುದ್ದೆ ಬಿಡಿಸಲಿಲ್ಲ. ಬೆಳಿಗ್ಗೆ ಸಂಜೆ ನಡಿಗೆ, ಮಗ ಬರಲಿ ಬಿಡಲಿ ಏಳೂವರೆಗೆ ಊಟ, ರಾತ್ರಿ ಮುದ್ದೆ ಅರ್ಧ ಸೈಜು, ಇಷ್ಟೇ. ತಿಂಗಳಲ್ಲಿ ಸರಿಹೋದ್ರು. ನಿಮ್ಮ ಕಥೆನೂ ಹೆಚ್ಚುಕಮ್ಮಿ ಇದೇ.

ಊಟ ಅರಗಿದೆ ಅಂತ ಗೊತ್ತಾಗೋದು ಹೇಗೆ? ಶಾಸ್ತ್ರದಲ್ಲಿ ಇದಕ್ಕೆ ಜೀರ್ಣಾಹಾರ ಲಕ್ಷಣ ಅಂತ ಚಂದವಾಗಿ ಹೇಳಿದಾರೆ. ತೇಗು ಬಂದ್ರೆ ತಿಂದಿದ್ದರ ವಾಸನೆ, ಹುಳಿ ಇರಬಾರ್ದು, ಮೈ ಹಗುರ ಇರಬೇಕು, ಮಲ ಮೂತ್ರ ವಾಯು ಸಲೀಸಾಗಿ ಹೋಗಬೇಕು, ಕೆಲಸಕ್ಕೆ ಉತ್ಸಾಹ ಇರಬೇಕು, ಹಸಿವು ಬಾಯಾರಿಕೆ ತಾನಾಗೇ ಆಗಬೇಕು. ಮಧ್ಯಾಹ್ನದ ಹುಳಿಯನ್ನದ ತೇಗು ಸಂಜೆ ಐದಕ್ಕೂ ಬರ್ತಿದೆ ಅಂದ್ರೆ ಅದು ಇನ್ನೂ ಒಳಗೇ ಇದೆ ಅಂತ, ಅದರ ಮೇಲೆ ಬಜ್ಜಿ ಹಾಕಬಾರ್ದು ಅಂತ. ಹಳಬರು ಇದಕ್ಕೆ ಒಂದು ಸುಲಭದ ಅಳತೆ ಇಟ್ಟಿದ್ರು, ಊಟ ಆಗಿ ಒಂದು ಯಾಮದ ಒಳಗೆ ಮತ್ತೆ ತಿನ್ಬಾರ್ದು, ಎರಡು ಯಾಮ ಮೀರಿ ಖಾಲಿ ಇರಬಾರ್ದು ಅಂತ. ಯಾಮ ಅಂದ್ರೆ ಮೂರು ಗಂಟೆ. ಅಂದ್ರೆ ಎರಡು ಊಟದ ಮಧ್ಯ ಕಮ್ಮಿ ಅಂದ್ರೆ 3, ಜಾಸ್ತಿ ಅಂದ್ರೆ 6 ಗಂಟೆ. ನೀವು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಒಂದು ತುದಿ ಹಿಡೀತೀರಿ, ಮಧ್ಯಾಹ್ನದಿಂದ ಸಂಜೆ ತನಕ ಇನ್ನೊಂದು ತುದಿ.

ಸರಿ, ನಿಮ್ಮ ದಿನವನ್ನೇ ತಗೊಳ್ಳೋಣ. ಬೆಳಿಗ್ಗೆ ಜೇನುತುಪ್ಪದ ಬಿಸಿನೀರು ಬಿಟ್ಬಿಡಿ. ಬಿಸಿ ಜೊತೆ ಜೇನು ಆಯುರ್ವೇದಕ್ಕೆ ಒಪ್ಪಿಗೆ ಇಲ್ಲ, ಅದನ್ನೇ "ಆಯುರ್ವೇದದ ಡ್ರಿಂಕ್" ಅಂತ ಜನ ಕುಡೀತಾರೆ. ಹುಳಿತೇಗು ಇರೋರಿಗೆ ಖಾಲಿ ಹೊಟ್ಟೆಗೆ ನಿಂಬೆಹುಳಿ ಬೇರೆ ಯಾಕೆ? ಬರೀ ಉಗುರುಬೆಚ್ಚಗಿನ ನೀರು ಒಂದು ಲೋಟ, ಕೂತ್ಕೊಂಡು ನಿಧಾನಕ್ಕೆ. ಎದ್ದು ಸ್ವಲ್ಪ ಓಡಾಡಿ, ಆಮೇಲೆ ಮೋಷನ್ ಬರ್ಲಿ ಬರದೇ ಇರ್ಲಿ ದಿನಾ ಅದೇ ಹೊತ್ತಿಗೆ ಹತ್ತು ನಿಮಿಷ ಟಾಯ್ಲೆಟ್ಟಲ್ಲಿ ಕೂರಿ, ಮೊಬೈಲ್ ಇಲ್ದೆ. ವೆಸ್ಟರ್ನ್ ಕಮೋಡ್ ಆದ್ರೆ ಕಾಲ ಕೆಳಗೆ ಒಂದು ಮಣೆ ಇಟ್ಕೊಳ್ಳಿ, ಕುಕ್ಕುರುಗಾಲಲ್ಲಿ ಕೂತಷ್ಟು ಸಲೀಸಾಗುತ್ತೆ. ತಿಂಡಿ ತಿಂದು ಹತ್ತು ಹದಿನೈದು ನಿಮಿಷಕ್ಕೂ ದೊಡ್ಡಕರುಳು ಒಮ್ಮೆ ಎಚ್ಚರ ಆಗುತ್ತೆ, ಆಗ ಕರೆ ಬಂದ್ರೆ ಬಸ್ಸಿನ ಗಡಿಬಿಡಿಯಲ್ಲಿ ತಡೀಬೇಡಿ.

ಇಲ್ಲೇ ಆ ಮೀನಖಂಡದ ಮಾತು. ಚರಕ ಸಂಹಿತೆಯಲ್ಲಿ ತಡೆಹಿಡೀಬಾರದ 13 ವೇಗಗಳು, ಅಂದ್ರೆ ದೇಹದ ಸಹಜ ಕರೆಗಳು, ಅಂತ ಇದೆ, ಅದರಲ್ಲಿ ಮಲದ ವೇಗ ತಡೆದ್ರೆ ಏನಾಗುತ್ತೆ ಅಂತ ಹೇಳೋವಾಗ ಕೆಳಹೊಟ್ಟೆ ನೋವು, ತಲೆನೋವು, ವಾಯು ಮಲ ಎರಡೂ ಕಟ್ಕೊಳ್ಳೋದು, ಹೊಟ್ಟೆ ಉಬ್ಬರ, ಅದರ ಜೊತೆಗೇ ಮೀನಖಂಡ ಹಿಡಿಯೋದು ಅಂತ ಬರ್ದಿದಾರೆ. ನಿಮ್ಮ ಪತ್ರ ಓದಿದಾಗ ನನಗೆ ಮೊದ್ಲು ನೆನಪಾಗಿದ್ದೇ ಆ ಸಾಲು. ನೀವು ಬಾಯ್ಬಿಟ್ಟು ಹೇಳಿಲ್ಲ, ಆದ್ರೂ ಕೇಳ್ತೀನಿ, ಶಾಲೆಯಲ್ಲಿ ಟಾಯ್ಲೆಟ್ ಸರಿ ಇಲ್ಲ ಅಂತ ಬೆಳಿಗ್ಗೆಯಿಂದ ಸಂಜೆ ತನಕ ನೀರೇ ಕುಡಿಯಲ್ಲ ಅಲ್ವಾ? ನನ್ನ ಹತ್ರ ಬರೋ ಟೀಚರ್ಸ್, ಬಸ್ ಕಂಡಕ್ಟರ್ ಹೆಣ್ಮಕ್ಕಳು, ಬಟ್ಟೆ ಅಂಗಡಿಯಲ್ಲಿ ನಿಂತು ಕೆಲಸ ಮಾಡೋರು ಎಲ್ರೂ ಇದೇ ಹೇಳ್ತಾರೆ, ಸಂಜೆ ಮನೆಗೆ ಬಂದು ಒಂದೇ ಸಲ ಒಂದು ಚೊಂಬು ನೀರು ಎತ್ತಿ ಕುಡೀತಾರೆ. ಇದು ನಿಮ್ಮ ತಪ್ಪಲ್ಲ, ಒಂದು ಕ್ಲೀನಾದ ಟಾಯ್ಲೆಟ್ಟು ಕೇಳೋಕೂ ಮುಜುಗರ ಪಡೋ ಪರಿಸ್ಥಿತಿ ಇದೆಯಲ್ಲ, ಅದು ನನಗೆ ನಿಜವಾಗ್ಲೂ ಬೇಜಾರು ತರುತ್ತೆ. ಬೇರೆ ಟೀಚರ್ಸ್ ಜೊತೆ ಸೇರಿ ಹೆಡ್ ಮಾಸ್ಟ್ರ ಹತ್ರ ಮಾತಾಡಿ, ಅಲ್ಲಿ ಹೆಣ್ಮಕ್ಕಳೂ ಓದ್ತಾರೆ, ಅವರಿಗೂ ಬೇಕು. ಅಲ್ಲಿವರೆಗೆ ಪಿರಿಯಡ್ಡಿಗೊಂದು ಗುಟುಕು ಬೆಚ್ಚಗಿನ ನೀರಾದ್ರೂ ಕುಡೀರಿ.

ತಿಂಡಿ: ಹಸಿವಿಲ್ದೆ ನಿಂತ್ಕೊಂಡು ಎರಡು ದೋಸೆ ನುಂಗೋ ಬದಲು ಕೂತು ಕಮ್ಮಿ ತಿನ್ನಿ. ಮೊದಲ ಹದಿನೈದು ದಿನ ರವೆ ಗಂಜಿ, ಇಡ್ಲಿ, ಹೆಸರುಬೇಳೆ ಹಾಕಿದ ತೆಳ್ಳನೆ ಪೊಂಗಲ್ಲು, ಸ್ವಲ್ಪ ಜೀರಿಗೆ ಶುಂಠಿ ಬಿದ್ದಿರಲಿ, ಮೇಲೊಂದು ಚಮಚ ತುಪ್ಪ. ಹಸಿ ಮೊಳಕೆ ಕಾಳು ಪೂರ್ತಿ ನಿಲ್ಲಿಸಿ. ಇದು ಕೇಳಿ ನಿಮಗೆ ಆಶ್ಚರ್ಯ ಆಗಬಹುದು, ಆದ್ರೆ ದಿನಾ ಅಭ್ಯಾಸ ಮಾಡ್ಕೋಬೇಡಿ ಅಂತ ಆಯುರ್ವೇದದ ಇನ್ನೊಬ್ಬ ಆಚಾರ್ಯರಾದ ವಾಗ್ಭಟರು ಕೊಡೋ ಪಟ್ಟಿಯಲ್ಲಿ ಮೊಳಕೆ ಧಾನ್ಯನೂ ಇದೆ, ಮೊಸರೂ ಇದೆ, ಉದ್ದು ಅವರೆನೂ ಇದೆ. ನಮ್ಮ ಅಜ್ಜಿಯಂದಿರು ಮೊಳಕೆ ಹುರುಳಿ ಕಟ್ಟಿದ್ರೂ ಹಸಿ ತಿಂದವರಲ್ಲ, ಬೇಯಿಸಿ, ಬೆಳ್ಳುಳ್ಳಿ ಮೆಣಸು ಜೀರಿಗೆ ಅರೆದು ಸಾರು ಮಾಡ್ತಿದ್ರು. ಧನುರ್ಮಾಸದಲ್ಲಿ ಅವರೆಕಾಯಿ ಬಂದ್ರೆ ಅದರ ಜೊತೆ ಸಬ್ಬಸಿಗೆ ಸೊಪ್ಪು ಬೀಳಲೇಬೇಕಿತ್ತು, ಹಿತಕಿದ ಬೇಳೆಗೆ ಇಂಗು ಶುಂಠಿ ಇಲ್ದೆ ಒಗ್ಗರಣೆನೇ ಇಲ್ಲ. ರುಚಿಗೆ ಅಂತ ನಾವು ಅಂದ್ಕೋತೀವಿ, ವಾಯು ಮಾಡೋ ಕಾಳಿಗೆ ವಾಯು ಇಳಿಸೋ ಸೊಪ್ಪು ಜೊತೆಗೇ ಹೊಂದಿಸಿಟ್ಟಿದ್ರು ಅವರು.

ಮಧ್ಯಾಹ್ನದ ಊಟ ನಿಮ್ಮ ದಿನದ ದೊಡ್ಡ ಊಟ ಆಗಬೇಕು, ಹೊಟ್ಟೆಯ ಬೆಂಕಿ ಚೆನ್ನಾಗಿ ಉರಿಯೋ ಹೊತ್ತು ಅದು. ಎರಡು ದಿನಕ್ಕೊಂದು ಸಲ ಹುಳಿಯನ್ನ, ಚಿತ್ರಾನ್ನ ಕಟ್ಕೊಂಡು ಹೋಗೋದು ಬಿಟ್ಟು ಅನ್ನ, ಬೇಳೆ ಸಾರು, ಬೆಂದ ಪಲ್ಯ ಬಿಸಿ ನಿಲ್ಲೋ ಡಬ್ಬಿಯಲ್ಲಿ ಹಾಕ್ಕೊಳ್ಳಿ. ಪಡವಲಕಾಯಿ, ಹೀರೇಕಾಯಿ, ಸೋರೆಕಾಯಿ, ನುಗ್ಗೆಕಾಯಿ ಎಲ್ಲಾ ಸಲೀಸು. ಎಲೆಕೋಸು, ಹೂಕೋಸು, ಆಲೂಗಡ್ಡೆ, ಕಡಲೆಕಾಳು, ಮೈದಾ ಸ್ವಲ್ಪ ದಿನ ದೂರ ಇಡಿ. ನೀವು ಕೇಳಿದ ಲಿಸ್ಟು ಇದೇ, ಇಷ್ಟು ಸಾಕು. ಪ್ರಮಾಣಕ್ಕೆ ವಾಗ್ಭಟರ ಲೆಕ್ಕ ಇಟ್ಕೊಳ್ಳಿ, ಹೊಟ್ಟೆಯನ್ನ ನಾಲ್ಕು ಭಾಗ ಅಂದ್ಕೊಂಡ್ರೆ ಎರಡು ಭಾಗ ಗಟ್ಟಿ ಊಟ, ಒಂದು ಭಾಗ ದ್ರವ, ಒಂದು ಭಾಗ ಖಾಲಿ. ಆ ಖಾಲಿ ಜಾಗ ಉಳಿಸೋದೇ ಕಷ್ಟ, ಆದ್ರೆ ಅದಿಲ್ದೆ ಅರಗಲ್ಲ.

ಮಜ್ಜಿಗೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊಸರಿಗೆ ನೀರು ಸುರಿದು ಚಮಚದಲ್ಲಿ ತಿರುವಿದ್ದು ಮಜ್ಜಿಗೆ ಅಲ್ಲ. ನಮ್ಮನೇಲಿ ಅಮ್ಮ ಒಂದು ಬಟ್ಟಲು ಮೊಸರಿಗೆ ಮೂರು ನಾಲ್ಕು ಬಟ್ಟಲು ನೀರು ಹಾಕಿ ಕಡಗೋಲಲ್ಲಿ ಕಡೀತಿದ್ರು, ಮೊದ್ಲು ಸದ್ದು ಭಾರವಾಗಿ ಬರ್ತಿತ್ತು, ಆಮೇಲೆ ಹಗುರ ಆಗ್ತಿತ್ತು, ಬೆಣ್ಣೆ ಕಾಳು ಕಾಳಾಗಿ ಮೇಲೆ ತೇಲಿದಾಗ ಕೈಯಲ್ಲಿ ಒಟ್ಟು ಮಾಡಿ ತೆಗೆದು ನೀರಿಗೆ ಹಾಕೋರು. ಕೆಳಗೆ ಉಳೀತಿದ್ದ ನೀಲಿ ಛಾಯೆಯ ತೆಳ್ಳನೆ ಮಜ್ಜಿಗೆಗೆ ಉಪ್ಪು, ಜಜ್ಜಿದ ಶುಂಠಿ, ಕಿವುಚಿದ ಕರಿಬೇವು, ಒಂದು ಚಿಟಿಕೆ ಇಂಗು. ಮೊಸರು ಗುರು, ಅಂದ್ರೆ ಅರಗೋಕೆ ಭಾರ, ಕಫ ಮಾಡುತ್ತೆ, ರಾತ್ರಿ ತಿನ್ಬಾರ್ದು ಅಂತ ಚರಕರು ನೇರವಾಗೇ ಹೇಳಿದಾರೆ. ಅದೇ ಮೊಸರು ಕಡೆದು ಬೆಣ್ಣೆ ತೆಗೆದ್ರೆ ಲಘು, ಅಂದ್ರೆ ಹಗುರ, ಹಸಿವು ಹೆಚ್ಚಿಸುತ್ತೆ. ಹಾಗಾಗಿ ನಿಮ್ಮ ರಾತ್ರಿಯ ಮೊಸರನ್ನ ಮಧ್ಯಾಹ್ನದ ಮಜ್ಜಿಗೆ ಅನ್ನ ಆಗಲಿ, ಹುಳಿ ಬಂದ ಮಜ್ಜಿಗೆ ಬೇಡ, ತಾಜಾ ಇರಲಿ. ಒಂದು ವಾರ ಮಾಡಿ ನೋಡಿ, ಹಾಲು ಮಜ್ಜಿಗೆ ಏನು ಕುಡಿದ್ರೂ ಹೊಟ್ಟೆ ಗುಡುಗುಡು ಅಂದ್ರೆ ನಿಮಗೆ ಹಾಲಿನ ಸಕ್ಕರೆ ಅರಗದೇ ಇರಬಹುದು, ಆಗ ಅದನ್ನೂ ನಿಲ್ಲಿಸಿ ನನಗೆ ಬರೀರಿ.

ಸಂಜೆ ಬಂದಾಗ ಹಸಿವಿದ್ರೆ ಒಂದು ಬಾಳೆಹಣ್ಣೋ, ಹುರಿದ ಅವಲಕ್ಕಿನೋ ಸಾಕು. ಕಾಫಿ ದಿನಕ್ಕೆ ಒಂದಕ್ಕೆ ಇಳಿಸಿ, ಖಾಲಿ ಹೊಟ್ಟೆಗೆ ಬೇಡ. ಅದರ ಬದಲು ಮಲೆನಾಡಲ್ಲಿ ಮಾಡೋ ಥರ ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿ ಒಂದು ಲೋಟ ನೀರಿಗೆ ಒಂದು ಚಮಚ ಕುದಿಸಿ ಕಷಾಯ ಕುಡೀರಿ. ಹಿಂಗ್ವಾಷ್ಟಕ ಚೂರ್ಣ ಗ್ಯಾಸಿಗೆ ಒಳ್ಳೇದು ಅಂತ ಎಲ್ರೂ ಹೇಳ್ತಾರೆ, ನಿಜ, ಬಿಸಿ ಅನ್ನದ ಮೊದಲ ತುತ್ತಿಗೆ ತುಪ್ಪದ ಜೊತೆ ಕಲಸಿ ತಿಂದ್ರೆ ವಾಯುಗೆ ಅಷ್ಟು ಒಳ್ಳೇ ಮದ್ದು ಕಮ್ಮಿ, ಆದ್ರೆ ಅದರಲ್ಲಿ ಶುಂಠಿ, ಮೆಣಸು, ಹಿಪ್ಪಲಿ ಮೂರೂ ಇದಾವೆ. ನಿಮಗೆ ಹುಳಿತೇಗು ಇರೋದ್ರಿಂದ ಈಗಲೇ ಬೇಡ, ಅದು ಕಮ್ಮಿ ಆದ್ಮೇಲೆ ಹತ್ತಿರದ ವೈದ್ಯರಿಗೆ ತೋರ್ಸಿ ತಗೊಳ್ಳಿ. ಜ್ಯೇಷ್ಠಮಧುನೂ ಹಾಗೇ, ಉರಿಗೆ ಒಳ್ಳೇದು ಆದ್ರೆ ತಿಂಗಳುಗಟ್ಟಲೆ ತಿಂದ್ರೆ ಬಿಪಿ ಏರುತ್ತೆ.

ರಾತ್ರಿ ಊಟ. ಇದರ ಬಗ್ಗೆ ನಾನು ರಾಜಿ ಮಾಡ್ಕೊಳ್ಳಲ್ಲ. ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗಿದ್ರೆ ತುಂಬಿದ ಕೊಡ ಅಡ್ಡ ಮಲಗಿಸಿದ ಹಾಗೆ, ಹುಳಿ ಮೇಲಕ್ಕೆ ಬರದೇ ಇನ್ನೇನಾಗುತ್ತೆ? ಏಳೂವರೆಗೆ, ಜಾಸ್ತಿ ಅಂದ್ರೆ ಎಂಟಕ್ಕೆ ನಿಮ್ಮ ಊಟ ಮುಗೀಬೇಕು, ಮನೆಯವರು ಇನ್ನೂ ಕೂತಿಲ್ದೇ ಇದ್ರೂ. ಎಲ್ರಿಗೂ ಬಡಿಸಿ, ತಳದಲ್ಲಿ ಉಳಿದಿದ್ದು ಕೆಡಬಾರ್ದು ಅಂತ ತಣ್ಣಗಾಗಿದ್ದನ್ನ ಕೊನೆಗೆ ನೀವು ಮುಗಿಸೋದು, ಇದನ್ನ ನಾನು ಮನೆಮನೆಯಲ್ಲೂ ನೋಡ್ತೀನಿ. ಈ ಉತ್ತರವನ್ನ ನಿಮ್ಮ ಮನೆಯವರಿಗೆ, ಅತ್ತೆಯವರಿಗೆ ತೋರ್ಸಿ, ಡಾಕ್ಟ್ರು ಹೇಳಿದಾರೆ ಅನ್ನಿ. ಬಡಿಸೋದು ಯಾರು ಬೇಕಾದ್ರೂ ಮಾಡಬಹುದು, ನಿಮ್ಮ ಹೊಟ್ಟೆಯನ್ನ ನೀವೇ ನೋಡ್ಕೋಬೇಕು. ರಾತ್ರಿಗೆ ನಿಂಬೆ ಗಾತ್ರದ ಎರಡು ಪಟ್ಟು ಮುದ್ದೆ, ತೆಳ್ಳನೆ ಬಸ್ಸಾರು, ಅಥವಾ ಅನ್ನ ಜೀರಿಗೆ ಮೆಣಸಿನ ಸಾರು. ಉಂಡು ಮನೆ ಮುಂದೆ ನೂರು ಹೆಜ್ಜೆ ನಡೀರಿ, ಎಡಮಗ್ಗುಲಲ್ಲಿ ಮಲಗಿ, ಹುಳಿ ಮೇಲೆ ಬರೋದು ಎಡಮಗ್ಗುಲಲ್ಲಿ ಕಮ್ಮಿ ಆಗುತ್ತೆ.

ಹಣ್ಣಿನ ವಿಷ್ಯಕ್ಕೆ "ಹಸಿದು ಹಲಸು ತಿನ್ನು, ಉಂಡು ಮಾವು ತಿನ್ನು" ಅನ್ನೋ ನಮ್ಮ ಗಾದೆ ಇದೆಯಲ್ಲ, ಅದರಲ್ಲೂ ಅಗ್ನಿಯ ಲೆಕ್ಕವೇ ಇರೋದು, ಹಲಸು ಭಾರ, ಅದಕ್ಕೆ ಜೋರು ಹಸಿವು ಬೇಕು. ಆಷಾಢ ಶ್ರಾವಣದ ಮಳೆಯಲ್ಲಿ ಅಗ್ನಿ ಎಲ್ರಿಗೂ ಕುಗ್ಗುತ್ತೆ, ಆಗ ಇನ್ನೂ ಹಗುರ ಊಟ, ದೊಡ್ಡಪತ್ರೆ ತಂಬುಳಿ, ಶುಂಠಿ ತಂಬುಳಿ ಇರಲಿ. ಚಳಿಗಾಲಕ್ಕೆ ಅಗ್ನಿ ತಾನಾಗೇ ಏರುತ್ತೆ, ಅವರೆಕಾಯಿ ಆಗ ತಿನ್ನಿ, ಸಂತೋಷವಾಗಿ ತಿನ್ನಿ.

ಮಲಬದ್ಧತೆಗೆ ತ್ರಿಫಲಾ ದಿನಾ ತಗೋಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತೆ ಅಂತ ಗೊತ್ತು. ಮೊದಲ ಹದಿನೈದು ದಿನ ಬೇಡ. ರಾತ್ರಿ ನೆನೆಸಿಟ್ಟ ಹತ್ತು ಹದಿನೈದು ಒಣದ್ರಾಕ್ಷಿ ಬೆಳಿಗ್ಗೆ ಕಿವುಚಿ ನೀರು ಸಮೇತ ತಿನ್ನಿ, ಶುಗರ್ ಟೆಸ್ಟ್ ನಾರ್ಮಲ್ ಬಂದಿದ್ರೆ ಮಾತ್ರ. ಭೇದಿ ಪುಡಿಗಳನ್ನ ಮೆಡಿಕಲ್ ಶಾಪಲ್ಲಿ ನೀವಾಗೇ ತಗೋಬೇಡಿ, ಸೋನಾಮುಖಿ ಇರೋ ಪುಡಿ ಅಭ್ಯಾಸ ಆದ್ರೆ ಅದಿಲ್ದೆ ಕರುಳು ಕೆಲಸ ಮಾಡೋಕೆ ಸೋಮಾರಿ ಆಗುತ್ತೆ.

ಎಲ್ಲಾ ಒಂದೇ ದಿನ ಬದಲಾಯಿಸೋಕೆ ಹೋಗಬೇಡಿ. ಮೊದಲ ವಾರ ಎರಡೇ ಕೆಲಸ, ರಾತ್ರಿ ಊಟ ಎಂಟರೊಳಗೆ, ಬೆಳಿಗ್ಗೆ ಜೇನುನೀರು ಮೊಳಕೆ ಕಾಳು ಬಂದ್. ಎರಡನೇ ವಾರ ಮಧ್ಯಾಹ್ನದ ಬಿಸಿ ಊಟ, ಮಜ್ಜಿಗೆ. ಒಂದು ಸಣ್ಣ ನೋಟ್ ಬುಕ್ಕಲ್ಲಿ ದಿನಾ ಎರಡೇ ಟೈಮ್ ಬರೀರಿ, ನಿಜವಾಗಿ ಹಸಿವಾಗಿದ್ದು ಎಷ್ಟು ಗಂಟೆಗೆ, ಉಂಡಿದ್ದು ಎಷ್ಟು ಗಂಟೆಗೆ. ಆ ಎರಡು ಟೈಮ್ ಹತ್ತಿರ ಬರ್ತಾ ಬರ್ತಾ ಉಬ್ಬರ ಇಳಿಯೋದು ನಿಮಗೇ ಕಾಣುತ್ತೆ. ಹದಿನೈದು ದಿನದ ಮೇಲೆ ಆ ಪುಟದ ಫೋಟೋ, ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ರಿಪೋರ್ಟ್ ಮೂರೂ ಸೇರಿಸಿ ಕಳ್ಸಿ, ಮಾತ್ರೆ ಇಳಿಸೋ ಬಗ್ಗೆ ನಿಮ್ಮ ಡಾಕ್ಟ್ರು ಏನಂದ್ರು ಅನ್ನೋದನ್ನೂ ಬರೀರಿ, ಔಷಧಿ ಬೇಕಾ ಬೇಡ್ವಾ ಆಮೇಲೆ ನೋಡೋಣ.